ಸರದಿಯೂ ಖಾತೆಯೂ

ಚಿತ್ರದುರ್ಗದಿಂದ ಹಿರಿಯೂರು, ಶಿರಾಗಳನ್ನು ಹಾದು ಬೆಂಗಳೂರಿಗೆ ಸಾಗುವ ಹೆದ್ದಾರಿಯಲ್ಲಿ ತುಮಕೂರು ಸಿಗುತ್ತದೆ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ 1961ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಕೈಗಡಿಯಾರದ ತಯಾರಿಕೆ 1978ರಲ್ಲಿ ಈ ಊರಿಗೂ ವಿಸ್ತರಿಸಿತು. ಬೇಡಿಕೆಗೆ ತಕ್ಕ ಪೂರೈಕೆಯಿಲ್ಲದ ಕಾಲವದು. ವರನಿಗೆ ಕೊಡಬೇಕಾದ ವಾಚಿಗಾಗಿ ಜನ ಕಾಯುತ್ತಿದ್ದರು. ವಶೀಲಿ ಇರಲಿಲ್ಲವೆಂದಲ್ಲ, ಆದರೆ ಅದನ್ನು ವಶೀಲಿಯೆಂದೇ ಕರೆಯುತ್ತಿದ್ದರು. ಸರದಿಯೆಂದರೆ ಮೊದಲು ಬಂದವನಿಗೆ ಮೊದಲು ಎಂಬ ನಂಬಿಕೆಯಂತೂ ಉಳಿದಿತ್ತು.

ಇಂದಿನ ರೋಲೆಕ್ಸ್ ಮಾರಾಟಗಾರರ ‘ವೇಟಿಂಗ್ ಲಿಸ್ಟ್’ ಹೆಸರಿಗಷ್ಟೇ ಸರದಿ. ಡೇಟೋನಾದಂತಹ ಮಾದರಿಯನ್ನು ಬಯಸಿದವನು ಹಣ ಹಿಡಿದು ನಿಂತರೆ ಸಾಲದು. ಅದೇ ಅಂಗಡಿಯಲ್ಲಿ ಆತ ಹಿಂದೆ ಏನೇನು ಕೊಂಡಿದ್ದಾನೆಂಬುದನ್ನು ಹಲವೆಡೆ ತೂಗಿ ನೋಡಲಾಗುತ್ತದೆ. ಬೇಡದ ಇನ್ನೊಂದು ವಾಚು, ಪತ್ನಿಗೊಂದು ವಜ್ರದೊಡವೆ. ಷರತ್ತನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಎಷ್ಟು ಕೊಂಡರೆ ಸಾಕೆಂಬುದನ್ನೂ ಹೇಳುವುದಿಲ್ಲ. ಕೊರತೆ ತನ್ನ ತಂತ್ರವಲ್ಲವೆಂದು ರೋಲೆಕ್ಸ್ 2021ರಲ್ಲಿ ತಿಳಿಸಿತ್ತು. ಅದು ನಿಜವೇ ಇರಬಹುದು. ಕೊರತೆಯನ್ನು ಹಂಚುವ ಕೈ ಮಾತ್ರ ಮಾರಾಟಗಾರನದು.

ನಮ್ಮ ಊರುಗಳ ಕಿರಾಣಿ ಅಂಗಡಿಗಳಲ್ಲೂ ಖಾತೆಪುಸ್ತಕವಿತ್ತು. ಅಲ್ಲಿ ಸರಕು ಮೊದಲು, ಹಣ ಆಮೇಲೆ. ನಂಬಿಕೆಯ ಭಾರವನ್ನು ಹೊತ್ತವನು ಅಂಗಡಿಯವನು. ಇಲ್ಲಿ ಹಣ ಮೊದಲು, ಸರಕು ಬಂದರೆ ಬಂತು. ಬರಹದಲ್ಲಿಲ್ಲದ ಮಾತನ್ನು ನಂಬಿ ಕೊಂಡವನಿಗೆ ಕೇಳುವ ಹಕ್ಕೂ ಇಲ್ಲ. ಇದೇ ಬಗೆಯ ಒತ್ತಾಯವನ್ನು ಆಕ್ಷೇಪಿಸಿ, ಕೈಚೀಲಗಳ ವಿಷಯದಲ್ಲಿ, ಅರ್ಮೆಸ್ ಸಂಸ್ಥೆಯ ಮೇಲೆ 2024ರಲ್ಲಿ ಕ್ಯಾಲಿಫೋರ್ನಿಯಾದ ಗ್ರಾಹಕರು ಮೊಕದ್ದಮೆ ಹೂಡಿದರು.

ಎಚ್‌ಎಂಟಿಯ ಸರದಿಯನ್ನು ಕರಗಿಸಿದ್ದು ಪೂರೈಕೆ: 1984ರಲ್ಲಿ ಸ್ಥಾಪನೆಯಾದ ಟೈಟಾನ್, ಅದರ ಕ್ವಾರ್ಟ್ಸ್ ವಾಚುಗಳು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಹಳೆಯ ‘ಜನತಾ’ ವಾಚುಗಳನ್ನು ಈಗ ಸಂಗ್ರಾಹಕರು ಹುಡುಕುತ್ತಾರೆ. ಅದಕ್ಕೆ ಯಾವ ಖಾತೆಯೂ ಬೇಡ.