ಎರಡು ಯಂತ್ರಕ್ಕೆ ಒಂದೇ ವಿಳಾಸ!

ಮಕ್ಕಳೇ, ಮಂಡ್ಯದ ಪಿನ್ ಕೋಡ್ 571401. ಮದ್ದೂರಿನದು 571428, ಮಳವಳ್ಳಿಯದು 571430. ಒಂದರ ಕೆಳಗೊಂದು ಬರೆದು ನೋಡಿ. ಮೊದಲ ಮೂರು ಅಂಕಿಗಳು ಒಂದೇ, ಅಲ್ಲವೇ? ಕಾಗದ ಯಾವ ಸೀಮೆಗೆ ಹೋಗಬೇಕೆಂದು ಆ ಭಾಗ ತಿಳಿಸುತ್ತದೆ. ಯಾವ ಅಂಚೆ ಕಚೇರಿಗೆ ಎಂಬುದನ್ನು ಉಳಿದ ಅಂಕಿಗಳು ತಿಳಿಸುತ್ತವೆ. 1972ರಿಂದ ನಮ್ಮ ದೇಶದಲ್ಲಿ ಈ ಪದ್ಧತಿ ಇದೆ.

ಒಂದಕ್ಕೊಂದು ಜೋಡಿಸಿದ ಕಂಪ್ಯೂಟರುಗಳಿಗೂ ಇಂಥದೇ ವಿಳಾಸ ಬೇಕು. ಅದೇ ಐ.ಪಿ. ವಿಳಾಸ. ಉದಾಹರಣೆಗೆ, 192.168.1.20. ನಾಲ್ಕು ಸಂಖ್ಯೆಗಳು, ನಡುವೆ ಚುಕ್ಕಿ. ಪ್ರತಿಯೊಂದು ಸಂಖ್ಯೆಯೂ 0ಯಿಂದ 255ರವರೆಗೆ ಇರಬಹುದು.

ಈ ವಿಳಾಸ ಹಂಚುವುದು ನನ್ನ ಕೆಲಸ. ಅದರಲ್ಲಿ ನಾನು ಮಾಡಿದ ಒಂದು ತಪ್ಪನ್ನು ನಿಮಗೆ ಹೇಳಲೇಬೇಕು. ಮದ್ದೂರು ತಾಲ್ಲೂಕಿನ ಒಂದು ಶಾಲೆಯಲ್ಲಿ ಮಕ್ಕಳ ಕೋಣೆಗೆ 20, ಕಚೇರಿಗೆ 4 ಕಂಪ್ಯೂಟರ್ ಜೋಡಿಸಿದೆ. ಎಲ್ಲಿಯೂ ಬರೆದಿಡದೆ, ಬಾಯಿಲೆಕ್ಕದಲ್ಲೇ ವಿಳಾಸ ಕೊಟ್ಟು ಬಂದೆ. ಕೆಲವು ವಾರಗಳ ನಂತರ ಕಚೇರಿಗೆ ಇನ್ನೊಂದು ಕಂಪ್ಯೂಟರ್ ಬಂತು. ಅದಕ್ಕೂ ಹಾಗೆಯೇ ಮಾಡಿದೆ. ಒಂದು ದಿನ ಗುಮಾಸ್ತರ ಫೋನು: "ಸಾರ್, ವಿದ್ಯಾರ್ಥಿವೇತನದ ಅರ್ಜಿ ಹೋಗ್ತಾನೇ ಇಲ್ಲ. ಇವತ್ತೇ ಕಡೇ ದಿನ!"

ಓಡಿಹೋಗಿ ನೋಡಿದರೆ, ಕಚೇರಿಯ ಹೊಸ ಕಂಪ್ಯೂಟರಿಗೂ ಮಕ್ಕಳ ಕೋಣೆಯ ಒಂದಕ್ಕೂ 192.168.1.20! ಒಂದೇ ಬೀದಿಯ ಎರಡು ಮನೆಗೆ ಒಂದೇ ನಂಬರ್ ಇದ್ದರೆ ಅಂಚೆಯಣ್ಣ ಏನು ಮಾಡಿಯಾನು? ಬಂದ ಉತ್ತರ ಒಮ್ಮೆ ಇಲ್ಲಿಗೆ, ಒಮ್ಮೆ ಅಲ್ಲಿಗೆ. ಒಂದರ ವಿಳಾಸ ಬದಲಿಸಿದೆ. ಸಂಜೆಯೊಳಗೆ ಅರ್ಜಿಗಳೆಲ್ಲ ಹೋದವು. ಆದರೂ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಸೋಮಾರಿತನದಿಂದ ಎಷ್ಟು ಮಕ್ಕಳ ಹಣ ತಪ್ಪಿಹೋಗುತ್ತಿತ್ತು!

ಮರುದಿನ ಕಾಗದ, ಪೆನ್ಸಿಲ್ ಹಿಡಿದು ಕುಳಿತೆ. ಕೊನೆಯ ಸಂಖ್ಯೆ 0ಯಿಂದ 255, ಅಂದರೆ ಒಟ್ಟು 256 ವಿಳಾಸ. ಅದನ್ನು ನಾಲ್ಕು ಪಾಲು ಮಾಡಿದೆ:

0–63: ಮಕ್ಕಳ ಕೋಣೆ
64–127: ಕಚೇರಿ
128–191: ಗ್ರಂಥಾಲಯ
192–255: ಮುಂದಿನ ದಿನಗಳಿಗೆ

ಒಂದೊಂದು ಪಾಲಿಗೂ 'ಸಬ್‌ನೆಟ್' ಅಥವಾ ಉಪಜಾಲ ಎಂದು ಹೆಸರು. ಒಂದೊಂದರಲ್ಲಿ 64 ವಿಳಾಸ. ಆದರೆ ಯಂತ್ರಗಳಿಗೆ ಸಿಗುವುದು 62. ಏಕೆಂದರೆ, ಮೊದಲನೆಯದು ಆ ಉಪಜಾಲವನ್ನೇ ಗುರುತಿಸಲು. ಕೊನೆಯದು ಅದರೊಳಗಿನ ಎಲ್ಲರನ್ನೂ ಒಟ್ಟಿಗೆ ಕೂಗಲು. ಒಂದು ಉಪಜಾಲದಿಂದ ಇನ್ನೊಂದಕ್ಕೆ ಸಂದೇಶ ದಾಟಿಸುವ ಯಂತ್ರವೇ ರೂಟರ್. 62ರಲ್ಲಿ ಒಂದು ವಿಳಾಸ ಅದಕ್ಕೆ.

ತನ್ನ ಪಾಲಿನ ಗಡಿ ಎಲ್ಲಿದೆಯೆಂದು ಕಂಪ್ಯೂಟರಿಗೆ ಹೇಗೆ ತಿಳಿಯುತ್ತದೆ? ಅದಕ್ಕೆ 'ಸಬ್‌ನೆಟ್ ಮಾಸ್ಕ್' ಎಂಬ ಇನ್ನೊಂದು ಸಂಖ್ಯೆ ಕೊಡುತ್ತೇವೆ. ಇಲ್ಲಿ ಅದು 255.255.255.192. ಈ 192 ಎಲ್ಲಿಂದ ಬಂತು? 256ರಲ್ಲಿ 64 ಕಳೆಯಿರಿ!

ಈಗ ಮಕ್ಕಳ ಕೋಣೆಯಲ್ಲಿ ಏನಾದರೂ ಎಡವಟ್ಟಾದರೆ ಕಚೇರಿಯ ವಿಳಾಸಗಳಿಗೆ ತೊಂದರೆಯಿಲ್ಲ. ಆದರೆ ಒಂದೇ ಪಾಲಿನೊಳಗೆ ಅದೇ ತಪ್ಪು ಮತ್ತೆ ಆಗಬಹುದಲ್ಲ? ಅದಕ್ಕೇ ಯಾವ ಯಂತ್ರಕ್ಕೆ ಯಾವ ವಿಳಾಸ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಶಾಲೆಯಲ್ಲೇ ಇಟ್ಟೆ.

ಈಗ ನಿಮ್ಮ ಸರದಿ. 256 ವಿಳಾಸಗಳನ್ನು ಎಂಟು ಸಮಪಾಲು ಮಾಡಿ. ಒಂದೊಂದರಲ್ಲಿ ಎಷ್ಟು ಯಂತ್ರಗಳಿಗೆ ವಿಳಾಸ ಕೊಡಬಹುದು? ಮಾಸ್ಕ್‌ನ ಕೊನೆಯ ಸಂಖ್ಯೆ ಎಷ್ಟು? ಬಾಯಿಲೆಕ್ಕ ಬೇಡ, ಬರೆದೇ ಮಾಡಿ!