ಆ ದಾರಿ ಸತ್ತಿದೆ ಅಂದವರು ಯಾರು?

ಈ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ನಾವು ಮೂವರು ಮತ್ತು ಡಿಪ್ಲೊಮಾ ಮುಗಿಸಿ ಬಂದ ಒಬ್ಬ ಗೆಳೆಯ ಸೇರಿ ಸಿ ಭಾಷೆಯಲ್ಲಿ ಕ್ಯಾಂಟೀನ್ ಕಾರ್ಡ್ ಪ್ರೋಗ್ರಾಂ ಬರೆದೆವು. ಬರೆಯೋಕೆ ಎರಡು ದಿನ, ಟೆಸ್ಟ್ ಮಾಡೋಕೆ ಎರಡು ವಾರ! ಒಂದು ಇಫ್ ಬಂದರೆ ದಾರಿ ಎರಡಾಗುತ್ತೆ. ಒಂದರ ಹಿಂದೆ ಒಂದು ಹತ್ತು ಇಫ್ ಇದ್ದರೆ 1024 ದಾರಿ.

ಸಮಾಧಾನ ಏನಂದ್ರೆ, ಎಲ್ಲ ದಾರಿಗಳೂ ನಿಜವಲ್ಲ. ಮೊದಲ ಇಫ್ 'ಬ್ಯಾಲೆನ್ಸ್ 35ಕ್ಕಿಂತ ಹೆಚ್ಚಾ?' ಅಂತ ಕೇಳಿ, ನಡುವೆ ಏನೂ ಬದಲಾಗದೆ ಮುಂದಿನ ಇಫ್ '20ಕ್ಕಿಂತ ಕಡಿಮೆಯಾ?' ಅಂತ ಕೇಳಿದರೆ, ಎರಡಕ್ಕೂ ಹೌದು ಅನ್ನೋ ದಾರಿ ಕಾಗದದ ಮೇಲೆ ಮಾತ್ರ. ಯಾವ ಇನ್‌ಪುಟ್ ಕೊಟ್ಟರೂ ಅಲ್ಲಿಗೆ ತಲುಪೋಕಾಗಲ್ಲ. ಇಂಥವನ್ನು ಪಟ್ಟಿಯಿಂದ ತೆಗೆದರೆ ಎಷ್ಟೋ ಸಮಯ ಉಳಿಯುತ್ತೆ.

ನಾವೂ ಪೆನ್ ಹಿಡಿದು ತೆಗೆಯೋಕೆ ಕೂತೆವು. ಕಾರ್ಡಿಗೆ 10 ರೂಪಾಯಿ ಹಾಕಿದ ಮೇಲೆ 'ಹೊಸ ಬ್ಯಾಲೆನ್ಸ್ ಹಳೆಯದಕ್ಕಿಂತ ಕಡಿಮೆಯಾ?' ಅನ್ನೋ ಚೆಕ್ ಇತ್ತು. ದುಡ್ಡು ಹಾಕಿದ್ರೆ ಕಮ್ಮಿ ಹೇಗಾಗುತ್ತೆ? ನಕ್ಕು ಗೀಟು ಎಳೆದೆವು. ಅದನ್ನು ಬರೆದಿದ್ದವನು ಆ ಗೆಳೆಯ. ಅವನು ಓದಿದ್ದು ಕನ್ನಡ ಮೀಡಿಯಂ. ನಮ್ಮ ಚರ್ಚೆಯೆಲ್ಲ ಇಂಗ್ಲಿಷ್‌ನಲ್ಲಿ. ಏನೋ ಹೇಳಲು ಹೊರಟು ತಡವರಿಸಿದ. ನಾವು ಕಾಯಲಿಲ್ಲ.

ಆಮೇಲೆ ಕ್ಲೀ ಅನ್ನೋ ಟೂಲ್ ಓಡಿಸಿದೆವು. ಕಡಾರ್, ಡನ್‌ಬರ್, ಎಂಗ್ಲರ್ 2008ರಲ್ಲಿ ಇದರ ಪೇಪರ್ ಬರೆದರು. ಇದು ಇನ್‌ಪುಟ್ ಜಾಗದಲ್ಲಿ ಸಂಖ್ಯೆಯ ಬದಲು ಸಂಕೇತ ಇಟ್ಟುಕೊಂಡು, ದಾರಿಯ ಷರತ್ತುಗಳನ್ನೆಲ್ಲ ಕೂಡಿಸಿ, 'ಇಷ್ಟಕ್ಕೂ ಒಪ್ಪುವ ಬೆಲೆ ಇದೆಯಾ?' ಅಂತ ಸಾಲ್ವರ್‌ನ ಕೇಳುತ್ತೆ. ಇಲ್ಲ ಅಂದರೆ ಆ ದಾರಿ ಕೈಬಿಡುತ್ತೆ. ಇದೆ ಅಂದರೆ ಆ ಬೆಲೆಯನ್ನೇ ಟೆಸ್ಟ್ ಆಗಿ ಕೊಡುತ್ತೆ.

35-20ರ ದಾರಿಯನ್ನು ಅದು ಕೈಬಿಟ್ಟಿತು. ನಾವು ಗೀಟು ಎಳೆದ ದಾರಿಗೆ ಮಾತ್ರ ಉತ್ತರ ಕೊಟ್ಟಿತು: 250.

ಮೆಮೊರಿ ಉಳಿಸೋಣ ಅಂತ ನಾವೇ ಬ್ಯಾಲೆನ್ಸನ್ನು ಅನ್‌ಸೈನ್ಡ್ ಕ್ಯಾರ್‌ನಲ್ಲಿ ಇಟ್ಟಿದ್ದೆವು. ಅದರಲ್ಲಿ 0ಯಿಂದ 255ರವರೆಗೆ ಮಾತ್ರ ಜಾಗ. 250ಕ್ಕೆ 10 ಸೇರಿಸಿದರೆ 260, ಅದು ಹಿಡಿಸದೆ ಸುತ್ತಿ ಬಂದು 4 ಆಗುತ್ತೆ. 250 ರೂಪಾಯಿ ಇದ್ದವನು ಇನ್ನೂ ಹತ್ತು ಹಾಕಿ ನಾಲ್ಕು ರೂಪಾಯಿಗೆ ಇಳೀತಾನೆ!

"ಅದನ್ನೇ ಹೇಳೋಕೆ ಹೊರಟಿದ್ದೆ" ಅಂದ ಗೆಳೆಯ, ಕನ್ನಡದಲ್ಲಿ.

ಸಾಲ್ವರ್ ಕೇಳಿ, ಇಲ್ಲ ಅಂತ ಗೊತ್ತಾದ ಮೇಲೆ ದಾರಿ ಮುಚ್ಚಿತು. ನಾವು ಕೇಳೋ ಮೊದಲೇ ಮುಚ್ಚಿದ್ದೆವು, ದಾರಿಯನ್ನೂ, ಅವನ ಬಾಯನ್ನೂ.

ಚೆಕ್ ವಾಪಸ್ ಹಾಕಿದೆವು, ಟೈಪ್ ಬದಲಿಸಿದೆವು. ಡೆಮೊ ದಿನ ಆ ಭಾಗವನ್ನು ಅವನೇ ವಿವರಿಸಿದ. ಅವತ್ತಿನ ನಾಲ್ಕು ಟೀ ನಮ್ಮ ಮೂವರ ಲೆಕ್ಕಕ್ಕೆ.