ಒಂದು ತಿಂಗಳ ಬಾಡಿಗೆ

ನಮ್ಮೂರು ಹರದನಹಳ್ಳಿ. ಚಾಮರಾಜನಗರದ ಮಗ್ಗುಲಲ್ಲೇ ಇದೆ. ಊರಲ್ಲಿದ್ದಾಗ ನನಗೆ ಗೊತ್ತಿದ್ದದ್ದು ಟ್ರ್ಯಾಕ್ಟರ್ ಬಾಡಿಗೆ, ಶಾಮಿಯಾನದ ಬಾಡಿಗೆ, ಇಷ್ಟೇ. ಮಲಗೋ ಜಾಗಕ್ಕೂ ತಿಂಗಳು ತಿಂಗಳು ದುಡ್ಡು ಎಣಿಸಬೇಕು ಅನ್ನೋದು ಬೆಂಗಳೂರಿಗೆ ಹೋದ ಮೇಲೆ ಕಲಿತ ಪಾಠ.

ಲಗ್ಗೆರೆಯಲ್ಲಿ ಆರು ರೂಮಿನ ಒಂದು ವಠಾರ. ಬಾಡಿಗೆ 4,500, ಅಡ್ವಾನ್ಸ್ 30,000. ಕರಾರುಪತ್ರ ಅಂತ ಏನೂ ಇರಲಿಲ್ಲ. ಓನರಮ್ಮನ ಹತ್ತಿರ ಒಂದು ಸಣ್ಣ ನೋಟ್‌ಬುಕ್ ಇತ್ತು, ಅದರಲ್ಲಿ ಮಗನ ಕೈಲಿ ಬರೆಸುತ್ತಿದ್ದರು. ಅವರಿಗೆ ಓದು ಬರಹ ಬಾರದು. ಗಂಡ ತೀರಿಕೊಂಡಿದ್ದರು, ಮಗ ಆಟೋ ಓಡಿಸುತ್ತಿದ್ದ. ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕಂಟ್ರಾಕ್ಟ್ ಮೇಲೆ ಕೆಲಸಕ್ಕಿದ್ದೆ, ಕೈಗೆ 13,000 ಬರುತ್ತಿತ್ತು.

2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ ಲಾಕ್‌ಡೌನ್ ಘೋಷಣೆ ಆಯಿತು. ಐದು ದಿನ ಕಳೆದು 29ರಂದು ಕೇಂದ್ರ ಗೃಹ ಇಲಾಖೆ ಒಂದು ಆದೇಶ ಹೊರಡಿಸಿತು. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ. ಅದರಲ್ಲಿ ನಮ್ಮಂಥವರಿಗೆ ಬೇಕಾದ ಮೂರು ಮಾತಿದ್ದವು. ಮುಚ್ಚಿರುವ ದಿನಗಳ ಸಂಬಳವನ್ನು ಮಾಲೀಕರು ಕಡಿತ ಮಾಡದೆ ಕೊಡಬೇಕು. ಬಾಡಿಗೆಗಿರುವ ಕಾರ್ಮಿಕರನ್ನು ಮನೆ ಮಾಲೀಕರು ಒಂದು ತಿಂಗಳ ಮಟ್ಟಿಗೆ ಬಾಡಿಗೆ ಕೇಳಬಾರದು. ಕಾರ್ಮಿಕರನ್ನಾಗಲಿ ವಿದ್ಯಾರ್ಥಿಗಳನ್ನಾಗಲಿ ಮನೆ ಬಿಡಿಸಿದರೆ ಕ್ರಮ ಆಗುತ್ತದೆ. ವಾಟ್ಸಾಪ್‌ನಲ್ಲಿ ಬಂದ ಆ ಪಿಡಿಎಫ್ ಅನ್ನು ನಾನು ಆಸ್ತಿ ಪತ್ರದ ಹಾಗೆ ಸೇವ್ ಮಾಡಿಟ್ಟುಕೊಂಡೆ.

ಏಪ್ರಿಲ್ 5ನೇ ತಾರೀಕು ಓನರಮ್ಮ ಬಂದರು. ಸೆರಗನ್ನೇ ಮೂಗಿಗೆ ಕಟ್ಟಿಕೊಂಡಿದ್ದರು. ಅವರು ಬಾಯಿ ತೆರೆಯೋ ಮುಂಚೆಯೇ ನಾನು ಫೋನ್ ಹಿಡಿದು ಓದಲು ಶುರು ಮಾಡಿದೆ, ಇಂಗ್ಲಿಷಲ್ಲಿ ಒಂದು ಸಲ, ಕನ್ನಡದಲ್ಲಿ ಒಂದು ಸಲ. ದನಿ ಸ್ವಲ್ಪ ಜೋರಾಗೇ ಇತ್ತು. ಪಕ್ಕದ ರೂಮಿನವರು ಬಾಗಿಲಿಗೆ ಬಂದು ನಿಂತಿದ್ದರಲ್ಲ, ಅದಕ್ಕೆ.

'ಹಂಗಾದ್ರೆ ಕೊಡಂಗಿಲ್ವೇನಪ್ಪ?'

'ಗೌರ್ಮೆಂಟ್ ಆರ್ಡರ್ ಕಣಮ್ಮ.'

'ನೀನು ಓದ್ಕೊಂಡೋನು. ನೀನು ಹೇಳುದ್ರೆ ಸರಿಯಾಗೇ ಇರ್ತದೆ ಬುಡು.'

ಅಷ್ಟೇ. ಉಳಿದ ಐದು ರೂಮಿನವರೂ ಆ ತಿಂಗಳು ಕೊಡಲಿಲ್ಲ. ಆಕೆ ಮೇಲಿನ ಎರಡು ರೂಮು ಕಟ್ಟಿಸಿದ್ದು ಬ್ಯಾಂಕ್ ಸಾಲದಲ್ಲಿ ಅಂತ ಆಮೇಲೆ ಗೊತ್ತಾಯಿತು. ಕಂತು ಮುಂದೂಡಬಹುದು ಅಂತ ರಿಸರ್ವ್ ಬ್ಯಾಂಕ್ ಮಾರ್ಚ್ 27ಕ್ಕೇ ಹೇಳಿತ್ತು, ನಿಜ. ಆದರೆ ಮುಂದೂಡಿದಷ್ಟೂ ಬಡ್ಡಿ ಬೆಳೆಯುತ್ತಿತ್ತು. ಮಗನ ಆಟೋ ಬಾಗಿಲ ಮುಂದೆ ಧೂಳು ಹಿಡಿದು ನಿಂತಿತ್ತು.

ಈಗ ಅದೇ ಪಿಡಿಎಫ್‌ನ ಸಂಬಳದ ಸಾಲಿಗೆ ಬರೋಣ. ಏಪ್ರಿಲ್ 10ಕ್ಕೆ ನನ್ನ ಖಾತೆಗೆ ಬಂದದ್ದು ಮಾರ್ಚ್‌ನಲ್ಲಿ ಕೆಲಸ ಮಾಡಿದ ದಿನಗಳ ದುಡ್ಡು ಮಾತ್ರ. ಕಂಟ್ರಾಕ್ಟರಿಗೆ ಫೋನ್ ಮಾಡಿದೆ. 'ಕಂಪನಿಯವರು ನನಗೆ ಕೊಟ್ರೆ ತಾನೇ ನಾನು ನಿಮಗೆ ಕೊಡೋದು?' ಅಂದರು. ಕಂಪನಿಗೆ ಫೋನ್ ಮಾಡಿದರೆ ನೀವು ನಮ್ಮ ರೋಲ್‌ನಲ್ಲೇ ಇಲ್ಲ ಅಂದರು. ಆದೇಶ ನನ್ನ ಕೈಯಲ್ಲೇ ಇತ್ತು. ಓದಬಹುದಿತ್ತು. ನಾನು ಅಂದದ್ದು, 'ಆಯ್ತು ಸಾರ್.' ನಾಳೆ ಗೇಟು ತೆಗೆದಾಗ ಒಳಗೆ ಬಿಡದಿದ್ದರೆ? ಓನರಮ್ಮನ ಮುಂದೆ ಜೋರಾಗಿದ್ದ ದನಿ ಇಲ್ಲಿ ಎಲ್ಲಿ ಹೋಯಿತೋ.

ಮೇ ಮೊದಲ ವಾರ ಊರಿಗೆ ಹೋಗುವವರಿಗೆ ಸರ್ಕಾರ ಬಸ್ ಬಿಟ್ಟಿತು. ಮೊದಲು ಹೆಚ್ಚು ಚಾರ್ಜ್ ಅಂದರು, ಗಲಾಟೆ ಆದ ಮೇಲೆ 3ನೇ ತಾರೀಕಿಂದ ಫ್ರೀ ಮಾಡಿದರು. ನಾನು ಫ್ರೀ ಬಸ್ಸಲ್ಲೇ ಬಂದೆ. ಜೂನ್ ಬರುವವರೆಗೂ ನಮ್ಮ ಜಿಲ್ಲೆಯಲ್ಲಿ ಒಂದೇ ಒಂದು ಕೇಸ್ ಇರಲಿಲ್ಲ, ಹಾಗಾಗಿ ಬೆಂಗಳೂರಿಂದ ಬಂದವನು ಅಂದರೆ ಜನ ರಸ್ತೆಯ ಆ ಕಡೆ ಸರಿದು ಹೋಗುತ್ತಿದ್ದರು. ಹದಿನಾಲ್ಕು ದಿನ ಹಿತ್ತಲ ಕೊಟ್ಟಿಗೆಯಲ್ಲಿ ಮಲಗಿದೆ. ಅವ್ವ ತಟ್ಟೆಯನ್ನು ದೂರ ಇಟ್ಟು ಹೋಗುತ್ತಿತ್ತು. ಬಾಡಿಗೆ ಕತೆಯನ್ನು ಅಪ್ಪನಿಗೆ ಗೆದ್ದವನ ಹಾಗೆ ಹೇಳಿದೆ. ಅಪ್ಪ ಬಾಳೆ ಕೇಳುವವರಿಲ್ಲ ಅನ್ನೋ ಚಿಂತೆಯಲ್ಲಿತ್ತು. 'ಆವಮ್ಮ ಏನ ತಿಂದ್ಲು ಮತ್ತ?' ಅಂತು. ನಾನು ಮಾತು ಬದಲಿಸಿದೆ.

ನಾನು ಕೊಟ್ಟಿಗೆಯಲ್ಲಿ ಇರುವಾಗಲೇ ಆ ಆದೇಶದ ಆಯಸ್ಸು ಮುಗಿಯಿತು, ಮೇ 18ರಿಂದ ಅದು ಜಾರಿಯಲ್ಲಿಲ್ಲ. ಮೇ 22ಕ್ಕೆ ನಮ್ಮ ರಾಜ್ಯ ಸರ್ಕಾರ ಕಾರ್ಖಾನೆ ಕೆಲಸವನ್ನು ದಿನಕ್ಕೆ ಹತ್ತು ಗಂಟೆ ಮಾಡಬಹುದು ಅಂದಿತು, ಜೂನ್ 11ಕ್ಕೆ ಹಿಂದಕ್ಕೆ ತಗೊಂಡಿತು. ಮಾರನೇ ದಿನ ಸುಪ್ರೀಂ ಕೋರ್ಟು ಸಂಬಳದ ವಿಚಾರದಲ್ಲಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ, ಕಾರ್ಮಿಕರೂ ಮಾಲೀಕರೂ ಕೂತು ಮಾತಾಡಿಕೊಳ್ಳಲಿ ಅಂದಿತು. ನಾನು ಯಾರ ಜೊತೆ ಕೂರಲಿ? ಕಂಟ್ರಾಕ್ಟರು ಫೋನೇ ಎತ್ತುತ್ತಿರಲಿಲ್ಲ. ಆ ಏಪ್ರಿಲ್ ಸಂಬಳ ಇವತ್ತಿಗೂ ಬಂದಿಲ್ಲ.

ಜುಲೈನಲ್ಲಿ ವಾಪಸ್ ಹೋಗಿ ಬೇರೆ ಕಡೆ ಸೇರಿಕೊಂಡೆ. ಮುಂದಿನ ವರ್ಷ ರೂಮು ಖಾಲಿ ಮಾಡುವಾಗ ಓನರಮ್ಮ ಅಡ್ವಾನ್ಸ್ ತಂದರು. ಎಲ್ಲ ಕಡೆಯ ಹಾಗೆ ಪೇಂಟಿಂಗ್‌ಗೆ ಅಂತ ಒಂದು ತಿಂಗಳದ್ದು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟರು.

'ಅಮ್ಮ, ಆ ಏಪ್ರಿಲ್‌ದು?'

'ಅದು ಸರ್ಕಾರ ಮನ್ನಾ ಮಾಡ್ತಲ್ಲಪ್ಪ, ನೀನೇ ಓದಿ ಹೇಳ್ದೆ.'

ನೋಟ್‌ಬುಕ್ ತೆರೆದು ತೋರಿಸಿದರು. ಏಪ್ರಿಲ್ ಸಾಲಿನಲ್ಲಿ ದುಡ್ಡು ಬರೆಯೋ ಜಾಗದಲ್ಲಿ ಮಗನ ಕೈಲಿ 'ಸರ್ಕಾರ' ಅಂತ ಬರೆಸಿದ್ದರು. ಆರೂ ರೂಮಿನ ಲೆಕ್ಕದಲ್ಲೂ ಅದೇ. ಮನ್ನಾ ಅನ್ನೋ ಪದ ಆ ಆದೇಶದಲ್ಲಿ ಎಲ್ಲೂ ಇರಲಿಲ್ಲ, ಒಂದು ತಿಂಗಳು ಕೇಳಬೇಡಿ ಅಂತ ಮಾತ್ರ ಇತ್ತು ಅಂತ ಆಗ ಹೇಳಿದೆ. ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. ನಾನು ಐನೂರರ ಒಂಬತ್ತು ನೋಟು ಎಣಿಸಿ ಕೊಟ್ಟೆ. ಎರಡು ಸಲ ಎಣಿಸಿಕೊಂಡು, 'ಉಳಿದೋರಿಗೂ ವಸಿ ಓದಿ ಹೇಳಪ್ಪ' ಅಂದರು. ಅವರಲ್ಲಿ ನಾಲ್ಕು ಜನ ಆಗಲೇ ಖಾಲಿ ಮಾಡಿ ಹೋಗಿದ್ದರು.